ಬೆಳೆರೋಗದ ಬ್ಯಾಕ್ಟೀರಿಯಾ ಮತ್ತು ಇಪ್ಪತ್ತು ನಿಮಿಷದ ಲೆಕ್ಕ

ಬ್ಯಾಕ್ಟೀರಿಯಾಗಳ ಬಗ್ಗೆ ಬೇರೇನೂ ನೆನಪಿಲ್ಲದವರಿಗೂ ಒಂದು ಲೆಕ್ಕ ನೆನಪಿರುತ್ತದೆ. ಒಂದು ಜೀವಕೋಶ ಉದ್ದವಾಗುತ್ತದೆ, ನಟ್ಟನಡುವೆ ಸಣ್ಣಗಾಗುತ್ತದೆ, ಸರಿಪಾಲಾಗಿ ಎರಡಾಗುತ್ತದೆ. ಇಪ್ಪತ್ತು ನಿಮಿಷಕ್ಕೆ ಎರಡು, ನಲವತ್ತಕ್ಕೆ ನಾಲ್ಕು, ಗಂಟೆಗೆ ಎಂಟು. ಶಾಲೆಯ ವಿಜ್ಞಾನ ಪಾಠದಿಂದ ಹೊರಟ ಈ ಲೆಕ್ಕ ಬೆಳೆರೋಗದ ಕೈಪಿಡಿಗಳಿಗೆ ಬಂದಿದೆ, ಔಷಧಿ ಅಂಗಡಿಯ ಮಾತಿಗೆ ಬಂದಿದೆ, ದಾಳಿಂಬೆ ತೋಟದ ಬದುವಿಗೂ ಬಂದಿದೆ. ಎಲೆಯ ಮೇಲೆ ನೀರಿನಲ್ಲಿ ತೊಯ್ದಂಥ ಚುಕ್ಕೆ ಕಂಡ ಕೂಡಲೇ ರೈತನ ಕಿವಿಗೆ ಬೀಳುವ ಮಾತು ಒಂದೇ: ಇದು ಗಂಟೆಗೆ ಎಂಟಾಗುವ ಜೀವಿ, ತಡಮಾಡಿದರೆ ತೋಟ ಹೋಯಿತು, ಇವತ್ತೇ ಹೊಡೆಯಿರಿ.

ಈ ಲೆಕ್ಕದೊಳಗೆ ಎರಡು ನಂಬಿಕೆಗಳು ಕೂತಿವೆ. ಬ್ಯಾಕ್ಟೀರಿಯಾಗಳೆಲ್ಲ ಒಂದೇ ರೀತಿ ಒಡೆಯುತ್ತವೆ ಎಂಬುದು ಮೊದಲನೆಯದು. ರೋಗ ಎಂದರೆ ಆ ಒಡೆಯುವಿಕೆಯ ವೇಗವೇ ಎಂಬುದು ಎರಡನೆಯದು. ಗಿಡಗಳಿಗೆ ರೋಗ ತರುವ ಬ್ಯಾಕ್ಟೀರಿಯಾಗಳ ಮಟ್ಟಿಗೆ ಎರಡೂ ತಪ್ಪು. ಸಣ್ಣಪುಟ್ಟ ತಪ್ಪಲ್ಲ, ರೋಗದ ಸ್ವರೂಪವನ್ನೇ ಮರೆಮಾಡುವಷ್ಟು ದೊಡ್ಡ ತಪ್ಪು. ಇದನ್ನು ತೋರಿಸುವ ಸಾಕ್ಷ್ಯ ಸೂಕ್ಷ್ಮದರ್ಶಕದಡಿ ಸಿಕ್ಕಿ ವರ್ಷಗಳೇ ಕಳೆದಿವೆ. ಆದರೂ ಹಳೆಯ ಲೆಕ್ಕ ಕದಲಿಲ್ಲ.

ಲೆಕ್ಕವನ್ನು ಅದರ ಮಾತಿನ ಪ್ರಕಾರವೇ ಮುಂದುವರಿಸಿ ನೋಡಬಹುದು. ಇಪ್ಪತ್ತು ನಿಮಿಷಕ್ಕೊಮ್ಮೆ ಎಂದರೆ ದಿನಕ್ಕೆ 72 ವಿಭಜನೆ. ಒಂದು ಕೋಶದ ತೂಕ ಒಂದು ಗ್ರಾಮಿನ ಲಕ್ಷಕೋಟಿಯ ಒಂದು ಭಾಗ ಎಂದಿಟ್ಟುಕೊಂಡರೂ ಮಾರನೆಯ ದಿನದ ಹೊತ್ತಿಗೆ ಸುಮಾರು 4,700 ಟನ್ ಬ್ಯಾಕ್ಟೀರಿಯಾ ರಾಶಿ ಬಿದ್ದಿರಬೇಕು. ಯಾವ ತೋಟದಲ್ಲೂ ಹಾಗೆ ಆಗುವುದಿಲ್ಲ. ಇಪ್ಪತ್ತು ನಿಮಿಷ ಎಂಬುದು ಇ. ಕೋಲೈ ಎಂಬ, ಮನುಷ್ಯರ ಮತ್ತು ಪ್ರಾಣಿಗಳ ಕರುಳಿನಲ್ಲಿರುವ ಬ್ಯಾಕ್ಟೀರಿಯಾ, ಪ್ರಯೋಗಾಲಯದ ಪುಷ್ಕಳ ಆಹಾರದಲ್ಲಿ, 37 ಡಿಗ್ರಿ ಶಾಖದಲ್ಲಿ ತೋರಿಸುವ ವೇಗ. ಗಿಡದ ಎಲೆಯೊಳಗೆ ಆ ಆಹಾರವೂ ಇಲ್ಲ, ಆ ಶಾಖವೂ ಇಲ್ಲ. ಗಿಡ ಸುಮ್ಮನೆ ಕೂತಿರುವುದೂ ಇಲ್ಲ. ಟೊಮೆಟೊ ಎಲೆಗಳಿಗೆ ಚುಕ್ಕೆರೋಗ ತರುವ ಸ್ಯೂಡೋಮೊನಾಸ್ ಸಿರಿಂಜೆ, ತನಗೆ ಒಗ್ಗುವ ಎಲೆಯೊಳಗೆ ಸೇರಿದ ಮೂರು ದಿನಗಳಲ್ಲಿ ಸಾಮಾನ್ಯವಾಗಿ ಸಾವಿರ ಪಟ್ಟು ಹೆಚ್ಚುತ್ತದೆ. ಸಾವಿರ ಪಟ್ಟು ಎಂದರೆ ಹತ್ತೇ ಹತ್ತು ವಿಭಜನೆ, ಏಳು ಗಂಟೆಗೆ ಒಂದರಂತೆ. ಪಠ್ಯದ ಲೆಕ್ಕದ ಪ್ರಕಾರ ಅಷ್ಟರಲ್ಲಿ 216 ವಿಭಜನೆ ಆಗಬೇಕಿತ್ತು.

ಇ. ಕೋಲೈ ಎಲ್ಲ ಬ್ಯಾಕ್ಟೀರಿಯಾಗಳ ಪ್ರತಿನಿಧಿಯಾಗಿ ನಿಂತದ್ದಕ್ಕೆ ಕಾರಣ ಸರಳ. ಅದು ಬೇಗ ಬೆಳೆಯುತ್ತದೆ, ಹೇಳಿದ ಮಾತು ಕೇಳುತ್ತದೆ, ಅದರ ಜೀನುಗಳನ್ನು ಕೆಡಿಸಿ ನೋಡುವುದು ಸುಲಭ. ವಿಭಜನೆಯ ಬಗ್ಗೆ ಅದರಿಂದ ಸಿಕ್ಕ ತಿಳಿವಳಿಕೆ ನಿಜಕ್ಕೂ ಅಮೂಲ್ಯ. 1991ರಲ್ಲಿ ಬೀ ಮತ್ತು ಲುಟ್ಕೆನ್‌ಹೌಸ್ ಎಂಬಿಬ್ಬರು ವಿಜ್ಞಾನಿಗಳು ಎಫ್‌ಟಿಎಸ್‌ಜೆಡ್ ಎಂಬ ಪ್ರೋಟೀನು ಕೋಶದ ನಡುವೆ ಉಂಗುರವಾಗಿ ಕೂಡಿಕೊಳ್ಳುವುದನ್ನು ತೋರಿಸಿದರು. ಕೋಶ ಎಲ್ಲಿ ಒಡೆಯಬೇಕೆಂದು ಗುರುತು ಹಾಕುವುದು ಈ ಉಂಗುರ. ಮುಂದೆ ಉಂಗುರದ ಎಳೆಗಳು ಒಂದು ತುದಿಯಲ್ಲಿ ಕೂಡುತ್ತ ಇನ್ನೊಂದು ತುದಿಯಲ್ಲಿ ಬಿಡುತ್ತ ಸುತ್ತುತ್ತವೆ, ಸುತ್ತುತ್ತಲೇ ಹೊಸ ಗೋಡೆ ಕಟ್ಟುವ ಕಿಣ್ವಗಳನ್ನು ಜೊತೆಗೆ ಎಳೆದೊಯ್ಯುತ್ತವೆ ಎಂಬುದು 2017ರಲ್ಲಿ ಗೊತ್ತಾಯಿತು. ಉಂಗುರ ತುದಿಗಳಲ್ಲಿ ಕೂಡಿಕೊಳ್ಳದಂತೆ ಮಿನ್ ಎಂಬ ಪ್ರೋಟೀನುಗಳ ಗುಂಪು ಕೋಶದ ಒಂದು ಕೊನೆಯಿಂದ ಇನ್ನೊಂದಕ್ಕೆ ಓಡಾಡುತ್ತ ಕಾಯುತ್ತದೆ. ಇಷ್ಟನ್ನೂ ಅಲ್ಲಗಳೆಯುವ ಮಾತಿಲ್ಲ. ತಕರಾರು ಇರುವುದು ಮುಂದಿನ ಹೆಜ್ಜೆಗೆ: ಒಂದು ಜೀವಿಯ ನಡವಳಿಕೆಯನ್ನು ಇಡೀ ಬ್ಯಾಕ್ಟೀರಿಯಾ ಲೋಕದ ನಿಯಮ ಎಂದು ಬರೆದುಬಿಟ್ಟದ್ದಕ್ಕೆ.

ಸಸ್ಯರೋಗ ಶಾಸ್ತ್ರದ ಮಟ್ಟಿಗೆ ಆ ನಿಯಮವನ್ನು ಮುರಿದದ್ದು ಅತ್ಯಂತ ಹೆಸರುವಾಸಿಯಾದ ರೋಗಾಣುವೇ. ಗುಲಾಬಿ, ದ್ರಾಕ್ಷಿ, ಪೀಚ್ ಮುಂತಾದ ನೂರಾರು ಗಿಡಗಳ ಬುಡದಲ್ಲಿ ಗಂಟು ತರುವ ಅಗ್ರೋಬ್ಯಾಕ್ಟೀರಿಯಂ ಟ್ಯೂಮಿಫೇಶಿಯನ್ಸ್. ಅಮೆರಿಕದ ಅರ್ವಿನ್ ಸ್ಮಿತ್ ಮತ್ತು ಟೌನ್‌ಸೆಂಡ್ 1907ರಲ್ಲಿ ಈ ಗಂಟಿಗೆ ಬ್ಯಾಕ್ಟೀರಿಯಾ ಕಾರಣ ಎಂದು ತೋರಿಸಿದ್ದರು. ಆಮೇಲಿನ ನೂರು ವರ್ಷ ಈ ಜೀವಿಯ ಮೇಲೆ ಸಾವಿರಾರು ಸಂಶೋಧನೆಗಳು ನಡೆದವು, ಅದನ್ನೇ ಉಪಕರಣ ಮಾಡಿಕೊಂಡು ಕುಲಾಂತರಿ ಬೆಳೆಗಳ ಉದ್ಯಮವೇ ಎದ್ದಿತು. ಆದರೆ ಅದು ಹೇಗೆ ಬೆಳೆದು ಹೇಗೆ ಎರಡಾಗುತ್ತದೆ ಎಂದು ಕಣ್ಣಿಟ್ಟು ನೋಡಿದವರು ಕಡಿಮೆ. ಇ. ಕೋಲೈನಂತೆಯೇ ಇರಬೇಕು ಎಂಬ ಊಹೆ ಸಾಕಾಗಿತ್ತು.

2012ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಪಮೇಲಾ ಬ್ರೌನ್, ಈವ್ ಬ್ರನ್ ಮತ್ತು ಸಂಗಡಿಗರು ಅದನ್ನು ನೋಡಿದರು. ಪ್ರಯೋಗದ ರೀತಿ ಸ್ವಚ್ಛವಾಗಿತ್ತು. ಕೋಶಗಳ ಹೊರಮೈಗೆ ಕೆಂಪು ಹೊಳೆವ ಬಣ್ಣವನ್ನು ಗಟ್ಟಿಯಾಗಿ ಅಂಟಿಸಿ, ಉಳಿದ ಬಣ್ಣ ತೊಳೆದು, ಬೆಳೆಯಲು ಬಿಟ್ಟರು. ಇ. ಕೋಲೈ ತನ್ನ ಪಕ್ಕದ ಗೋಡೆಯ ಉದ್ದಕ್ಕೂ ಅಲ್ಲಲ್ಲಿ ಹೊಸ ಸಾಮಗ್ರಿ ಸೇರಿಸಿಕೊಂಡು ಉದ್ದವಾಗುವ ಜೀವಿ, ಹಾಗಾಗಿ ಅದರಲ್ಲಿ ಬಣ್ಣ ಮೈಯುದ್ದಕ್ಕೂ ತೆಳುವಾಗುತ್ತ ಹೋಗುತ್ತದೆ. ಅಗ್ರೋಬ್ಯಾಕ್ಟೀರಿಯಂನಲ್ಲಿ ಬಣ್ಣ ತೆಳುವಾಗಲೇ ಇಲ್ಲ. ಕೆಂಪು ಕೋಶ ಕೆಂಪಾಗಿಯೇ ಉಳಿಯಿತು. ಅದರ ಒಂದು ತುದಿಯಿಂದ ಬಣ್ಣವೇ ಇಲ್ಲದ ಹೊಸ ಮೈ ಹೊರಟು ಬೆಳೆಯಿತು. ಕೊನೆಗೆ ಇಬ್ಭಾಗವಾದಾಗ ಒಂದು ಮಗಳಿಗೆ ಪೂರ್ತಿ ಹಳೆಯ ಮೈ, ಇನ್ನೊಬ್ಬಳಿಗೆ ಪೂರ್ತಿ ಹೊಸ ಮೈ. ಬಳ್ಳಿ ಕುಡಿಯಲ್ಲಿ ಮಾತ್ರ ಬೆಳೆಯುವಂತೆ ಈ ಬ್ಯಾಕ್ಟೀರಿಯಾ ಒಂದೇ ತುದಿಯಲ್ಲಿ ಬೆಳೆಯುತ್ತದೆ. ಸಮಪಾಲಾಗುವುದು ಎಂಬ ಮಾತು ಇಲ್ಲಿಗೆ ಅನ್ವಯಿಸುವುದೇ ಇಲ್ಲ.

ಇದು ಒಂದು ಜೀವಿಯ ವಿಚಿತ್ರ ಚಾಳಿ ಎಂದು ತಳ್ಳಿಹಾಕುವಂತೆಯೂ ಇಲ್ಲ. ಅದೇ ಗುಂಪಿಗೆ ಸೇರಿದ, ಕುದುರೆಮಸಾಲೆ ಸೊಪ್ಪಿನ ಬೇರುಗಂಟುಗಳಲ್ಲಿ ಸಾರಜನಕ ಹಿಡಿಯುವ ಸೈನೊರೈಝೋಬಿಯಂ, ದನಗಳಲ್ಲಿ ಕಂದು ಹಾಕಿಸುವ ಬ್ರುಸೆಲ್ಲಾ ಕೂಡ ಹೀಗೆಯೇ ತುದಿಯಲ್ಲಿ ಬೆಳೆಯುತ್ತವೆ ಎಂದು ಅದೇ ಅಧ್ಯಯನ ತೋರಿಸಿತು. ಲಿಂಬೆ, ಕಿತ್ತಳೆ ಜಾತಿಯ ಗಿಡಗಳಿಗೆ ಗ್ರೀನಿಂಗ್ ರೋಗ ತರುವ, ಕೊಡಗಿನ ಕಿತ್ತಳೆಯನ್ನೂ ಕಾಡಿದ ಲಿಬೆರಿಬ್ಯಾಕ್ಟರ್ ಇದೇ ಗಣದ್ದು.

ಒಳಗಿನ ಯಂತ್ರವೂ ಬೇರೆ. ಇ. ಕೋಲೈ ಕಡ್ಡಿಯಾಕಾರ ಉಳಿಸಿಕೊಳ್ಳಲು ನೆಚ್ಚಿರುವ ಎಂಆರ್‌ಇಬಿ ಎಂಬ ಪ್ರೋಟೀನು ಅಗ್ರೋಬ್ಯಾಕ್ಟೀರಿಯಂನಲ್ಲಿ ಇಲ್ಲವೇ ಇಲ್ಲ. ಅದರ ಜಾಗದಲ್ಲಿ ಬೆಳೆಯುವ ತುದಿಯಲ್ಲಿ 200 ನ್ಯಾನೋಮೀಟರ್ ಅಡ್ಡಳತೆಯ ಒಂದು ಬಳೆ ಇದೆ. ಬರ್ಕ್ಲಿಯ ಪೆಟ್ರೀಷಿಯಾ ಝಾಂಬ್ರಿಸ್ಕಿ ಅವರ ತಂಡ 2019ರಲ್ಲಿ ಇದನ್ನು ವಿವರಿಸಿತು. ಆ ಬಳೆಯ ಪ್ರೋಟೀನನ್ನು ಕಿತ್ತರೆ ಕೋಶ ಕಡ್ಡಿಯ ಆಕಾರ ಕಳೆದುಕೊಂಡು ಗುಂಡಗಾಗುತ್ತದೆ. ಉದ್ದ ಸಾಕಾದ ಮೇಲೆ ತುದಿಯ ಕೆಲಸ ನಿಂತು ಕಟ್ಟಡದ ಕೆಲಸ ನಡುವಿಗೆ ವರ್ಗವಾಗುತ್ತದೆ. ಆ ವರ್ಗಾವಣೆಗೆ ಎಫ್‌ಟಿಎಸ್‌ಜೆಡ್ ಬೇಕು. ಆ ಪ್ರೋಟೀನು ಸಿಗದ ಹಾಗೆ ಮಾಡಿದರೆ ಇ. ಕೋಲೈ ಉದ್ದನೆಯ ದಾರವಾಗುತ್ತದೆ, ಅಗ್ರೋಬ್ಯಾಕ್ಟೀರಿಯಂ ನಡುವಿನಲ್ಲಿ ಊದಿಕೊಂಡು ಕವಲೊಡೆಯುತ್ತದೆ. ಒಂದೇ ಪ್ರೋಟೀನು, ಒಂದೇ ಪೆಟ್ಟು, ಎರಡು ಬೇರೆ ಫಲ.

ವಂಶವಾಹಿಗಳನ್ನು ಹಂಚುವ ಕೆಲಸವನ್ನೂ ನೋಡಬೇಕು. ಇ. ಕೋಲೈನಲ್ಲಿ ಒಂದೇ ಒಂದು ದುಂಡನೆಯ ವರ್ಣತಂತು. 2001ರಲ್ಲಿ ಜೀನೋಮು ಓದಲಾದ ಅಗ್ರೋಬ್ಯಾಕ್ಟೀರಿಯಂ ತಳಿಯಲ್ಲಿ ಒಂದು ದುಂಡನೆಯದು, ಒಂದು ನೀಳವಾದದ್ದು, ಅವುಗಳ ಜೊತೆ ಎರಡು ದೊಡ್ಡ ಪ್ಲಾಸ್ಮಿಡ್‌ಗಳು, ಅಂದರೆ ವರ್ಣತಂತುವಿನಿಂದ ಬೇರೆಯಾದ ಡಿಎನ್‌ಎ ಸುತ್ತುಗಳು. ರೋಗದ ಜೀನುಗಳಿರುವುದು ಆ ಪ್ಲಾಸ್ಮಿಡ್‌ಗಳಲ್ಲಿ ಒಂದರಲ್ಲಿ. ಪ್ರತಿ ವಿಭಜನೆಯಲ್ಲೂ ನಾಲ್ಕನ್ನೂ ನಕಲು ಮಾಡಿ, ನಾಲ್ಕನ್ನೂ ಇಬ್ಬರಿಗೂ ತಪ್ಪದೆ ಒಪ್ಪಿಸಬೇಕು. ರೋಗದ ಪ್ಲಾಸ್ಮಿಡ್ ತಪ್ಪಿಹೋದ ಮಗಳು ಬದುಕುತ್ತಾಳೆ, ಬೆಳೆಯುತ್ತಾಳೆ, ಆದರೆ ಗಿಡಕ್ಕೆ ಗಂಟು ತರಲಾರಳು. ಬ್ಯಾಕ್ಟೀರಿಯಾ ಎರಡಾಗುವುದೂ ರೋಗಾಣು ಎರಡಾಗುವುದೂ ಒಂದೇ ಅಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಉದಾಹರಣೆ ಬೇಕಿಲ್ಲ.

ಇನ್ನು ಆ ಗಂಟು. ಮುಷ್ಟಿಗಾತ್ರದ ಗಂಟನ್ನು ಕಂಡವರು ಅದರೊಳಗೆ ಬ್ಯಾಕ್ಟೀರಿಯಾ ಕಿಕ್ಕಿರಿದಿವೆ ಎಂದುಕೊಳ್ಳುತ್ತಾರೆ. ಇಪ್ಪತ್ತು ನಿಮಿಷದ ಲೆಕ್ಕ ನಂಬಿದವರು ಹಾಗೆಂದುಕೊಳ್ಳಲೇಬೇಕು. ಆದರೆ 1940ರ ದಶಕದಲ್ಲಿ ಆರ್ಮಿನ್ ಬ್ರೌನ್ ಮತ್ತು ಫಿಲಿಪ್ ವೈಟ್ ಸೂರ್ಯಕಾಂತಿಯ ಗಂಟಿನಿಂದ ಬ್ಯಾಕ್ಟೀರಿಯಾ ಒಂದೂ ಇಲ್ಲದ ಅಂಗಾಂಶ ತೆಗೆದು ಬೆಳೆಸಿದರು. ಅದು ಬೆಳೆಯುತ್ತಲೇ ಹೋಯಿತು. 1977ರಲ್ಲಿ ಮೇರಿ-ಡೆಲ್ ಚಿಲ್ಟನ್ ಮತ್ತು ಜೊತೆಗಾರರು ಕಾರಣ ಹಿಡಿದರು: ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ಒಂದು ತುಂಡನ್ನು ಗಿಡದ ಡಿಎನ್‌ಎಗೆ ಸೇರಿಸಿಬಿಟ್ಟಿರುತ್ತದೆ. ಆ ತುಂಡಿನಲ್ಲಿ ಆಕ್ಸಿನ್, ಸೈಟೋಕೈನಿನ್ ಎಂಬ ಎರಡು ಬೆಳವಣಿಗೆ ಹಾರ್ಮೋನುಗಳನ್ನು ಮಾಡಿಸುವ ಜೀನುಗಳಿವೆ. ಗಿಡದ ಕೋಶಗಳು ಲಂಗುಲಗಾಮಿಲ್ಲದೆ ಒಡೆಯುತ್ತವೆ; ಬ್ಯಾಕ್ಟೀರಿಯಾಕ್ಕೆ ಮಾತ್ರ ದಕ್ಕುವ ಓಪೈನ್ ಎಂಬ ಆಹಾರವನ್ನೂ ತಯಾರಿಸಿ ಕೊಡುತ್ತವೆ. ರೋಗವಾಗಿ ಕಣ್ಣಿಗೆ ಕಾಣುವ ವಿಭಜನೆ ಬ್ಯಾಕ್ಟೀರಿಯಾದ್ದಲ್ಲ, ಗಿಡದ್ದು. ಗಂಟು ಎದ್ದ ಮೇಲೆ ಬ್ಯಾಕ್ಟೀರಿಯಾವನ್ನು ಕೊಂದರೂ ಗಂಟು ಕರಗುವುದಿಲ್ಲ. ನರ್ಸರಿಯಲ್ಲಿ ಸಸಿಗೆ ಗಾಯವಾಗದಂತೆ ನೋಡಿಕೊಳ್ಳುವುದು, ಗಂಟಿರುವ ಸಸಿಯನ್ನು ಹೊಲಕ್ಕೆ ಒಯ್ಯದಿರುವುದು ಔಷಧಿಗಿಂತ ದೊಡ್ಡ ಚಿಕಿತ್ಸೆ ಆಗುವುದು ಇದೇ ಕಾರಣಕ್ಕೆ.

ತುದಿಯಲ್ಲಿ ಬೆಳೆಯುವವರ ಆಚೆಗೂ ವೈವಿಧ್ಯವಿದೆ. ಆಲೂಗಡ್ಡೆಯ ಸಿಪ್ಪೆಯಲ್ಲಿ ಒರಟು ಕಜ್ಜಿ ಎಬ್ಬಿಸುವ ಸ್ಟ್ರೆಪ್ಟೊಮೈಸೀಸ್ ಸ್ಕೇಬೀಸ್ ದಾರದಂತೆ ಕವಲೊಡೆದು ಬೆಳೆಯುವ ಬ್ಯಾಕ್ಟೀರಿಯಾ. ಬೀಜಕ ಮಾಡುವ ಕಾಲ ಬಂದಾಗ ಒಂದು ಎಳೆಯೊಳಗೆ ಹತ್ತಾರು ಅಡ್ಡಗೋಡೆಗಳನ್ನು ಒಟ್ಟಿಗೆ ಎಬ್ಬಿಸುತ್ತದೆ. ಒಂದು ಎರಡಾಗುವ ಪ್ರಶ್ನೆಯೇ ಅಲ್ಲಿಲ್ಲ. ಈ ಕುಲದ ಇನ್ನೊಂದು ಸದಸ್ಯನಲ್ಲಿ ಎಫ್‌ಟಿಎಸ್‌ಜೆಡ್ ಜೀನನ್ನೇ ತೆಗೆದುಹಾಕಿದರೂ ಅದು ಬದುಕಿ ಬೆಳೆಯಿತೆಂದು 1994ರಲ್ಲೇ ವರದಿಯಾಯಿತು. ಉಂಗುರವಿಲ್ಲದೆ ಬ್ಯಾಕ್ಟೀರಿಯಾ ಇಲ್ಲ ಎಂದು ಬರೆಯುವವರು ಕನಿಷ್ಠ ಈ ವರದಿಯನ್ನಾದರೂ ಓದಬೇಕಿತ್ತು.

ಕರ್ನಾಟಕಕ್ಕೆ ಇನ್ನೂ ಹತ್ತಿರದ್ದು ಫೈಟೋಪ್ಲಾಸ್ಮಾ ಎಂಬ ಬ್ಯಾಕ್ಟೀರಿಯಾ ವರ್ಗ. ಶ್ರೀಗಂಧದ ಸ್ಪೈಕ್ ರೋಗ ಮೊದಲು ವರದಿಯಾದದ್ದು 1899ರಲ್ಲಿ, ಕೊಡಗಿನಲ್ಲಿ. ಎಲೆ ಚಿಕ್ಕದಾಗುತ್ತ ಕಡ್ಡಿಯಂತೆ ಸೆಟೆದು ನಿಲ್ಲುವ ಈ ರೋಗ ಮೈಸೂರು ಸೀಮೆಯ ಗಂಧದ ಕಾಡುಗಳನ್ನು ತಿಂದುಹಾಕಿತು. ಬಹುಕಾಲ ಅದನ್ನು ವೈರಸ್ಸಿನ ಕೆಲಸ ಎಂದು ತಿಳಿಯಲಾಗಿತ್ತು. 1967ರಲ್ಲಿ ಜಪಾನಿನ ದೋಯಿ ಮತ್ತು ಸಂಗಡಿಗರು ಹಿಪ್ಪುನೇರಳೆ ಗಿಡದ ಆಹಾರನಾಳಗಳಲ್ಲಿ ಕೋಶಭಿತ್ತಿಯೇ ಇಲ್ಲದ ಪುಟ್ಟ ಬ್ಯಾಕ್ಟೀರಿಯಾಗಳನ್ನು ಕಂಡ ಬಳಿಕ, 1969ರಲ್ಲಿ ಅಂಥವೇ ಗಂಧದ ಮರದಲ್ಲೂ ಸಿಕ್ಕವು. ಮಲೆನಾಡಿನ ಅಡಿಕೆ ತೋಟಗಳ ಹಳದಿ ಎಲೆ ರೋಗದ ಜೊತೆಗೂ, ಬದನೆಯ ಕಿರುಎಲೆ ರೋಗದ ಜೊತೆಗೂ ಇದೇ ವರ್ಗದ ಜೀವಿಗಳು ಕಂಡುಬಂದಿವೆ. ಕೋಶಭಿತ್ತಿ ಇಲ್ಲ ಎಂದರೆ ನಡುವೆ ಅಡ್ಡಗೋಡೆ ಕಟ್ಟಿ ಒಡೆಯುವ ಪಠ್ಯದ ಚಿತ್ರ ಇಲ್ಲಿ ಅರ್ಧಕ್ಕರ್ಧ ಅಳಿಸಿಹೋಗುತ್ತದೆ. ಗೋಡೆ ಕಟ್ಟುವ ಕೆಲಸಕ್ಕೆ ಅಡ್ಡಬರುವ ಪೆನಿಸಿಲಿನ್ ಇವುಗಳಿಗೆ ತಾಗುವುದಿಲ್ಲ. ಪ್ರೋಟೀನು ತಯಾರಿಕೆ ತಡೆಯುವ ಟೆಟ್ರಾಸೈಕ್ಲಿನ್ ತಾಗುತ್ತದೆ, ಆದರೆ ಕೊಡುವುದು ನಿಂತ ಮೇಲೆ ರೋಗ ಮರಳುತ್ತದೆ. ಗೋಡೆ ಕಳೆದುಕೊಂಡ ಬ್ಯಾಕ್ಟೀರಿಯಾ ಉಂಗುರದ ಹಂಗಿಲ್ಲದೆಯೂ ಸಂತಾನ ಮಾಡಬಲ್ಲದು ಎಂಬುದನ್ನು ಇಂಗ್ಲೆಂಡಿನ ಜೆಫ್ ಎರಿಂಗ್ಟನ್ ಅವರ ತಂಡ 2009ರಲ್ಲಿ ಬ್ಯಾಸಿಲಸ್ ಎಂಬ ಬೇರೆ ಜೀವಿಯಲ್ಲಿ ತೋರಿಸಿದೆ. ಹೊರಪೊರೆ ಅತಿಯಾಗಿ ಬೆಳೆದು, ಬಾಗಿ, ತುಂಡಾಗುತ್ತದೆ, ಅಷ್ಟೆ.

ಎರಡನೆಯ ನಂಬಿಕೆ, ಅಂದರೆ ವೇಗವೇ ರೋಗ ಎಂಬುದು, ಮೊದಲನೆಯದಕ್ಕಿಂತ ಹೆಚ್ಚು ಹಾನಿ ಮಾಡಿದೆ. ಅದಕ್ಕೆ ಉತ್ತರ ಇಟಲಿಯ ಪುಲಿಯಾ ಪ್ರಾಂತ್ಯದಲ್ಲಿದೆ. 2013ರಲ್ಲಿ ಅಲ್ಲಿನ ಆಲಿವ್ ಮರಗಳಲ್ಲಿ ಝೈಲೆಲ್ಲಾ ಫಾಸ್ಟಿಡಿಯೋಸಾ ಪತ್ತೆಯಾಯಿತು. ನೂರಾರು ವರ್ಷ ಬಾಳಿದ ಮರಗಳೂ ಸೇರಿ ಲಕ್ಷಾಂತರ ಮರಗಳು ಒಣಗಿದವು. ಈ ಬ್ಯಾಕ್ಟೀರಿಯಾ ತನ್ನ ನಿಧಾನಕ್ಕೇ ಪ್ರಸಿದ್ಧ. ಪ್ರಯೋಗಾಲಯದ ತಟ್ಟೆಯಲ್ಲಿ ಇ. ಕೋಲೈನ ಚುಕ್ಕಿಗಳು ರಾತ್ರಿ ಕಳೆದು ಬೆಳಗಾಗುವುದರಲ್ಲಿ ಕಂಡರೆ, ಇದರ ಚುಕ್ಕಿ ಕಾಣಲು ವಾರ, ಎರಡು ವಾರ ಕಾಯಬೇಕು. ಸಸ್ಯರೋಗ ತರುವ ಬ್ಯಾಕ್ಟೀರಿಯಾಗಳ ಪೈಕಿ ಮೊದಲು ಪೂರ್ತಿ ಜೀನೋಮು ಓದಿದ್ದು ಇದರದ್ದೇ, 2000ದಲ್ಲಿ, ಬ್ರೆಜಿಲಿನ ವಿಜ್ಞಾನಿಗಳಿಂದ. ಅಷ್ಟು ಮಹತ್ವ ಇದಕ್ಕೆ ಬಂದದ್ದು ಬೇಗ ಒಡೆಯುವುದರಿಂದ ಅಲ್ಲ. ಗಿಡದ ನೀರುನಾಳದಲ್ಲಿ ಕೂತು, ರಸ ಹೀರುವ ಕೀಟಗಳ ಬೆನ್ನೇರಿ ಮರದಿಂದ ಮರಕ್ಕೆ ಹೋಗುವ ಅದರ ಬಾಳುವೆಯ ರೀತಿಯಿಂದ.

ಝೈಲೆಲ್ಲಾದ ಬಗ್ಗೆ ಸ್ಟೀವನ್ ಲಿಂಡೋ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಫಲಿತಾಂಶ ಈ ಚರ್ಚೆಯಲ್ಲಿ ನಿರ್ಣಾಯಕ. ಕೋಶಗಳು ತಮ್ಮ ಸಂಖ್ಯೆ ಎಷ್ಟಾಯಿತೆಂದು ಅರಿಯಲು ಒಂದು ರಾಸಾಯನಿಕ ಸಂಕೇತ ಬಿಡುತ್ತವೆ. ಆ ಸಂಕೇತ ತಯಾರಿಸುವ ಜೀನನ್ನು ಕೆಡಿಸಿದಾಗ ಬ್ಯಾಕ್ಟೀರಿಯಾ ದ್ರಾಕ್ಷಿ ಬಳ್ಳಿಯಲ್ಲಿ ಇನ್ನೂ ಉಗ್ರ ರೋಗ ತಂದಿತು, ಆದರೆ ಕೀಟದ ಮೂಲಕ ಹರಡುವ ಶಕ್ತಿ ಕಳೆದುಕೊಂಡಿತು. ಅಂದರೆ ಸಹಜ ಸ್ಥಿತಿಯಲ್ಲಿ ಈ ಜೀವಿ ತನ್ನನ್ನು ತಾನೇ ಹಿಡಿತದಲ್ಲಿಡುತ್ತದೆ. ಸಂಖ್ಯೆ ಏರಿಸುವುದೇ ಅದರ ಗುರಿ ಎಂಬ ಮಾತು ಈ ಫಲಿತಾಂಶದ ಎದುರು ನಿಲ್ಲುವುದಿಲ್ಲ.

ಟೊಮೆಟೊ, ಶುಂಠಿ, ಬದನೆ ಬೆಳೆವವರನ್ನು ಕಂಗೆಡಿಸುವ ದುಂಡಾಣು ಸೊರಗು ರೋಗದ ರಾಲ್‌ಸ್ಟೋನಿಯಾ ಇದೇ ಪಾಠವನ್ನು ಇನ್ನೊಂದು ಬದಿಯಿಂದ ಕಲಿಸುತ್ತದೆ. ಹಸಿರಾಗಿದ್ದ ಗಿಡ ಎರಡು ಮೂರು ದಿನದಲ್ಲಿ ಜೋತುಬೀಳುತ್ತದೆ. ಕಾಂಡ ಕೊಯ್ದು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟರೆ ಹಾಲಿನ ಬಣ್ಣದ ಎಳೆ ಇಳಿಯುತ್ತದೆ. ಗಿಡವನ್ನು ಕೊಲ್ಲುವುದರಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆಗಿಂತ ಅವು ಸುರಿಸುವ ಸಕ್ಕರೆಯ ಲೋಳೆಯ ಪಾಲು ದೊಡ್ಡದು. ಅದು ನೀರುನಾಳವನ್ನು ಕಟ್ಟಿಬಿಡುತ್ತದೆ. ಆ ಲೋಳೆ ಮಾಡುವುದಕ್ಕೆ ಖರ್ಚಿದೆ. ಫ್ರಾನ್ಸಿನ ತುಲೂಸ್‌ನ ಸಂಶೋಧಕರು 2016ರಲ್ಲಿ ಆ ಖರ್ಚಿನ ಲೆಕ್ಕ ಹಾಕಿದರು. ರೋಗದ ಸಲಕರಣೆಗಳನ್ನೆಲ್ಲ ಹತೋಟಿಯಲ್ಲಿಟ್ಟ ಒಂದು ಮುಖ್ಯ ಜೀನನ್ನು ಕೆಡಿಸಿದರೆ ರಾಲ್‌ಸ್ಟೋನಿಯಾ ಹೆಚ್ಚು ವೇಗವಾಗಿ ಒಡೆಯುತ್ತದೆ, ಆದರೆ ಗಿಡವನ್ನು ಸೊರಗಿಸುವ ಶಕ್ತಿ ಕಳೆದುಕೊಳ್ಳುತ್ತದೆ. ವೇಗವಾಗಿ ಒಡೆಯುವ ತಳಿ ನಿರುಪದ್ರವಿ, ನಿಧಾನವಾಗಿ ಒಡೆಯುವ ತಳಿ ಗಿಡ ಕೊಲ್ಲುವಂಥದ್ದು. ವೇಗವೇ ರೋಗ ಎನ್ನುವವರು ಈ ಒಂದು ಪ್ರಯೋಗಕ್ಕೆ ಉತ್ತರ ಹೇಳಲಿ.

ಎದುರಿನವರ ವಾದಗಳನ್ನೂ ಕೇಳಬೇಕು. ಮಕ್ಕಳಿಗೆ ಸರಳವಾಗಿ ಹೇಳದೆ ಗತಿಯಿಲ್ಲ ಎನ್ನುತ್ತಾರೆ ಶಿಕ್ಷಕರು. ಸರಳವಾಗಿ ಹೇಳಲಿ. ಇ. ಕೋಲೈ ಹೀಗೆ ಎರಡಾಗುತ್ತದೆ, ಬೇರೆ ಬ್ಯಾಕ್ಟೀರಿಯಾಗಳು ಬೇರೆ ರೀತಿ ಬೆಳೆಯುತ್ತವೆ ಎಂಬ ವಾಕ್ಯ ಹದಿನಾಲ್ಕು ವರ್ಷದ ಮಗುವಿಗೆ ಕಷ್ಟವಲ್ಲ. ಉಂಗುರದ ಪ್ರೋಟೀನು ಹೆಚ್ಚುಕಡಿಮೆ ಎಲ್ಲ ಬ್ಯಾಕ್ಟೀರಿಯಾಗಳಲ್ಲೂ ಇದೆಯಲ್ಲ, ಹಾಗಾದರೆ ತಳಹದಿ ಒಂದೇ ಅಲ್ಲವೇ ಎನ್ನುತ್ತಾರೆ ಜೀವಶಾಸ್ತ್ರಜ್ಞರು. ಇದು ಗಟ್ಟಿ ಆಕ್ಷೇಪ. ಝಾಂಥೊಮೊನಾಸ್, ಸ್ಯೂಡೋಮೊನಾಸ್, ಎರ್ವಿನಿಯಾ ಮುಂತಾದ ಅನೇಕ ಸಸ್ಯರೋಗಾಣುಗಳು ನಡುವಿನಲ್ಲೇ ಒಡೆಯುತ್ತವೆ ಎಂಬುದೂ ಸತ್ಯ. ಆದರೆ ಉಂಗುರ ಬರುವುದು ಕಡೆಯ ಅಂಕದಲ್ಲಿ. ಅದಕ್ಕೆ ಮುಂಚೆ ಗೋಡೆ ಎಲ್ಲಿ ಬೆಳೆಯಿತು, ಯಾವ ಕಿಣ್ವ ಕಟ್ಟಿತು, ಯಾವ ಮಗಳಿಗೆ ಏನು ಸಿಕ್ಕಿತು ಎಂಬುದರಲ್ಲಿ ವ್ಯತ್ಯಾಸವಿದೆ, ಮತ್ತು ಔಷಧಿ ತಾಗುವುದು ಆ ವ್ಯತ್ಯಾಸಕ್ಕೇ. ಅಗ್ರೋಬ್ಯಾಕ್ಟೀರಿಯಂನ ಗೋಡೆಯಲ್ಲಿ ಎಳೆಗಳನ್ನು ಹೆಣೆಯುವ ಕೆಲಸದ ದೊಡ್ಡ ಪಾಲನ್ನು ಮಾಡುವುದು ಪೆನಿಸಿಲಿನ್‌ಗೆ ಅಷ್ಟಾಗಿ ಬಗ್ಗದ ಬೇರೊಂದು ಬಗೆಯ ಕಿಣ್ವಗಳು. ಇ. ಕೋಲೈ ನೋಡಿ ಔಷಧಿ ಆರಿಸಿದರೆ ಇಲ್ಲಿ ಗುರಿ ತಪ್ಪುತ್ತದೆ.

ರೈತರಿಗೆ ಇದೆಲ್ಲ ಯಾಕೆ, ರೋಗ ಬಂದರೆ ಸಿಂಪಡಿಸಿದರಾಯಿತು ಎನ್ನುವುದು ಮೂರನೆಯ ವಾದ. ಎಲ್ಲಕ್ಕಿಂತ ಹೆಚ್ಚು ಬಲವಾಗಿ ನಿರಾಕರಿಸಬೇಕಾದ ವಾದ ಇದು.

1952ರಲ್ಲಿ ದೆಹಲಿಯಲ್ಲಿ ಮೊದಲು ವರದಿಯಾದ ದಾಳಿಂಬೆಯ ದುಂಡಾಣು ಅಂಗಮಾರಿ, ಈ ಶತಮಾನದ ಆರಂಭದಲ್ಲಿ ಉತ್ತರ ಕರ್ನಾಟಕದ ತೋಟಗಳನ್ನು ನೆಲಕಚ್ಚಿಸಿತು. ಸ್ಟ್ರೆಪ್ಟೊಸೈಕ್ಲಿನ್ ಪುಡಿಯ ಪೊಟ್ಟಣ ಅಲ್ಲಿ ಮನೆಮನೆಗೂ ಗೊತ್ತು. ಅದರಲ್ಲಿರುವುದು ಒಂಬತ್ತು ಪಾಲು ಸ್ಟ್ರೆಪ್ಟೊಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಕ್ಷಯರೋಗಿಗಳಿಗೆ ಜೀವ ಕೊಟ್ಟ ಔಷಧಿ ಸ್ಟ್ರೆಪ್ಟೊಮೈಸಿನ್. ಬ್ಯಾಕ್ಟೀರಿಯಾದ ಪ್ರೋಟೀನು ತಯಾರಿಕೆಯನ್ನು ಕೆಡಿಸುವುದು ಅದರ ಕೆಲಸ, ವಿಭಜನೆಯ ಉಂಗುರವನ್ನು ಅದು ಮುಟ್ಟುವುದಿಲ್ಲ. ಮಂದವಾಗಿ ಬದುಕಿರುವ ಕೋಶದೊಳಗೆ ಸರಿಯಾಗಿ ಹೊಗುವುದೂ ಇಲ್ಲ. ಪೆನಿಸಿಲಿನ್ ಕೊಲ್ಲುವುದು ಒಡೆಯುತ್ತಿರುವ ಕೋಶಗಳನ್ನೇ ಎಂದು 1942ರಲ್ಲೇ ಗೊತ್ತಾಗಿತ್ತು. ಒಡೆಯದೆ ಸುಮ್ಮನಿದ್ದು ಬದುಕುಳಿಯುವ ಕೋಶಗಳನ್ನು ಜೋಸೆಫ್ ಬಿಗ್ಗರ್ 1944ರಲ್ಲಿ ಗುರುತಿಸಿದ್ದರು. ಕಾಂಡದ ಗಾಯದಲ್ಲಿ, ಬಿದ್ದ ಎಲೆಯಲ್ಲಿ, ಒಣಗಿದ ಕಾಯಿಯಲ್ಲಿ ನಿಧಾನವಾಗಿರುವ ರೋಗಾಣುವಿಗೆ ವೇಗದ ಲೆಕ್ಕದ ಮೇಲೆ ನಿಂತ ಸಿಂಪರಣೆ ಎಷ್ಟು ತಾಗೀತು?

ವಿಭಜನೆಯ ಲೆಕ್ಕ ನಿಜವಾಗಿ ಎಚ್ಚರಿಸಬೇಕಾದ ಜಾಗ ಬೇರೆ ಇದೆ. ಪ್ರತಿ ವಿಭಜನೆಯೂ ಡಿಎನ್‌ಎಯ ಒಂದು ನಕಲು, ಪ್ರತಿ ನಕಲಿನಲ್ಲೂ ತಪ್ಪಾಗುವ ಸಾಧ್ಯತೆ. ಸ್ಟ್ರೆಪ್ಟೊಮೈಸಿನ್‌ಗೆ ಜಗ್ಗದಂತೆ ಮಾಡುವ ಒಂದಕ್ಷರದ ಬದಲಾವಣೆ ಕೋಟ್ಯಂತರ ವಿಭಜನೆಗಳಲ್ಲಿ ಒಮ್ಮೆ ಆಗುವಂಥದ್ದು. ರೋಗ ಬಿದ್ದ ತೋಟದಲ್ಲಿ ಅಷ್ಟು ವಿಭಜನೆಗಳು ಆಗಿಯೇ ಆಗುತ್ತವೆ. ಔಷಧಿ ಹೊಡೆದಾಗ ಬದಲಾದವು ಬದುಕುತ್ತವೆ, ಉಳಿದವು ಸಾಯುತ್ತವೆ. ಕ್ಯಾಲಿಫೋರ್ನಿಯಾದ ಪೇರ್ ತೋಟಗಳಲ್ಲಿ ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗದ ಎರ್ವಿನಿಯಾ 1971ರಲ್ಲೇ ಕಾಣಿಸಿಕೊಂಡಿತ್ತು. ಕಿತ್ತಳೆಯ ಗ್ರೀನಿಂಗ್ ರೋಗಕ್ಕೆ ಈ ಔಷಧಿ ಸಿಂಪಡಿಸಲು ಸಿಕ್ಕಿದ್ದ ಅನುಮತಿಯನ್ನು ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2023ರ ಡಿಸೆಂಬರಿನಲ್ಲಿ ರದ್ದುಮಾಡಿತು. ಭಾರತದಲ್ಲಿ ಕೃಷಿಯಲ್ಲಿ ಈ ಜೋಡಿ ಔಷಧಿಯನ್ನು ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಹೊರಡಿಸಿತು. ಮನುಷ್ಯರ ಕಾಯಿಲೆಗೆ ಬೇಕಾದ ಔಷಧಿಯನ್ನು ತೋಟದಲ್ಲಿ ಚೆಲ್ಲುವ ಅಭ್ಯಾಸಕ್ಕೆ ಬೆಂಬಲವಾಗಿ ನಿಂತಿರುವುದು ಆ ಹಳೆಯ ಅವಸರದ ಲೆಕ್ಕವೇ.

ವಿಭಜನೆಯನ್ನು ತಡೆಯಲು ಬ್ಯಾಕ್ಟೀರಿಯಾವನ್ನು ಮುಟ್ಟಲೇಬೇಕೆಂದೂ ಇಲ್ಲ. ತುಂಗಭದ್ರಾ ಅಚ್ಚುಕಟ್ಟಿನ ಭತ್ತದ ಗದ್ದೆಗಳನ್ನು ಕಾಡುವ ದುಂಡಾಣು ಎಲೆ ಅಂಗಮಾರಿಯ ಕತೆ ಇದನ್ನು ಚೆನ್ನಾಗಿ ಹೇಳುತ್ತದೆ. ಅದರ ರೋಗಾಣು ಝಾಂಥೊಮೊನಾಸ್ ಒರೈಝೆ ಭತ್ತದ ಕೋಶದೊಳಗೆ ಒಂದು ಪ್ರೋಟೀನನ್ನು ತೂರಿಸುತ್ತದೆ. ಆ ಪ್ರೋಟೀನು ಗಿಡದ ಸ್ವೀಟ್ ಎಂಬ ಜೀನನ್ನು ಎಚ್ಚರಿಸುತ್ತದೆ, ಕೋಶಗಳು ತಮ್ಮ ಸಕ್ಕರೆಯನ್ನು ಹೊರಕ್ಕೆ ಬಿಡತೊಡಗುತ್ತವೆ, ಬ್ಯಾಕ್ಟೀರಿಯಾ ಅದನ್ನು ತಿಂದು ಒಡೆಯುತ್ತದೆ. ಎಕ್ಸ್‌ಎ13 ಎಂಬ ಜೀನು ಇರುವ ಭತ್ತದಲ್ಲಿ ಸ್ವೀಟ್ ಜೀನಿನ ಸ್ವಿಚ್ಚು ಬದಲಾಗಿರುವುದರಿಂದ ಆ ಪ್ರೋಟೀನಿಗೆ ಹಿಡಿ ಸಿಗುವುದಿಲ್ಲ. ಊಟ ಸಿಗದ ಬ್ಯಾಕ್ಟೀರಿಯಾದ ಸಂಖ್ಯೆ ಏರುವುದಿಲ್ಲ. ರೋಗಾಣು ಒಂದೇ ಜೀನಿನ ತಡೆಯನ್ನು ದಾಟಬಹುದೆಂದು ಹೈದರಾಬಾದಿನ ಭತ್ತ ಸಂಶೋಧನಾ ಸಂಸ್ಥೆ ಮತ್ತು ಕೋಶ ಹಾಗೂ ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಎಕ್ಸ್‌ಎ13ರ ಜೊತೆ ಎಕ್ಸ್‌ಎ5, ಎಕ್ಸ್‌ಎ21 ಎಂಬ ಇನ್ನೆರಡು ಜೀನುಗಳನ್ನು ಸೇರಿಸಿದವು. ಬಿಪಿಟಿ 5204 ಎಂದೇ ರೈತರು ಕರೆಯುವ ಸಾಂಬಾ ಮಹ್ಸೂರಿಯ ಸುಧಾರಿತ ತಳಿ ಹೀಗೆ ಬಂತು, 2008ರಲ್ಲಿ ಬಿಡುಗಡೆಯಾಯಿತು. ಅದರ ಹಿಂದೆ ಇದ್ದದ್ದು ಭತ್ತ ಮತ್ತು ಅದರ ರೋಗಾಣುವಿನ ಮೇಲಿನ ವರ್ಷಗಟ್ಟಲೆಯ ಅಧ್ಯಯನ. ಇ. ಕೋಲೈನ ಇಪ್ಪತ್ತು ನಿಮಿಷದಿಂದ ಅಲ್ಲಿಗೆ ದಾರಿ ಇರಲಿಲ್ಲ.

ವಿಭಜನೆಯ ಉಂಗುರಕ್ಕೇ ಗುರಿಯಿಡಬೇಕೆಂದರೂ ರೋಗಾಣುವನ್ನೇ ನೋಡಬೇಕು. ಬ್ರೆಜಿಲಿನ ರಿಯೊ ಕ್ಲಾರೊದಲ್ಲಿ ಎನ್ರಿಕೆ ಫೆರೇರಾ ಅವರ ತಂಡ ಲಿಂಬೆಯ ಕಜ್ಜಿ ರೋಗ ತರುವ ಝಾಂಥೊಮೊನಾಸ್ ಸಿಟ್ರಿಯ ವಿಭಜನೆಯ ಉಂಗುರಕ್ಕೆ ಹಸಿರು ಹೊಳೆವ ಗುರುತು ಕಟ್ಟಿ, ಒಂದೊಂದೇ ಸಂಯುಕ್ತ ಹಾಕಿ ನೋಡಿತು. ಗ್ಯಾಲಿಕ್ ಆಮ್ಲದಿಂದ ಮಾಡುವ ಆಲ್ಕೈಲ್ ಗ್ಯಾಲೇಟ್‌ಗಳನ್ನು ಹಾಕಿದಾಗ ಉಂಗುರ ಚದುರಿತು. ಎಣ್ಣೆ ಕಮಟಾಗದಂತೆ ಆಹಾರ ಉದ್ಯಮ ಇಂಥವನ್ನು ಮೊದಲಿಂದ ಬಳಸುತ್ತಿದೆ. ನೆದರ್‌ಲೆಂಡ್ಸಿನ ಗ್ರೋನಿಂಗನ್ನಿನವರ ಜೊತೆ 2015ರಲ್ಲಿ ಪ್ರಕಟಿಸಿದ ಅಧ್ಯಯನ ಇವು ಎಫ್‌ಟಿಎಸ್‌ಜೆಡ್‌ಗೂ ಕೋಶದ ಪೊರೆಗೂ ಎರಡು ಕಡೆ ಪೆಟ್ಟು ಕೊಡುತ್ತವೆಂದು ವಿವರಿಸಿತು. ದಾಳಿಂಬೆಯ ಅಂಗಮಾರಿ ತರುವ ಬ್ಯಾಕ್ಟೀರಿಯಾ ಈ ಸಿಟ್ರಿಯ ಹತ್ತಿರದ ಸಂಬಂಧಿ. ಸೊಲ್ಲಾಪುರದ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರದಲ್ಲಿ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದಲ್ಲಿ ಅದೇ ಗುರುತನ್ನು ಈ ರೋಗಾಣುವಿಗೆ ಕಟ್ಟಿ, ದಾಳಿಂಬೆಯ ಕಾಂಡದೊಳಗೆ ಅದು ಯಾವಾಗ ಒಡೆಯುತ್ತದೆ, ಯಾವಾಗ ಸುಮ್ಮನಿರುತ್ತದೆ, ಚಾಟನಿ ಮಾಡಿದ ಗಾಯಕ್ಕೆ ಎಷ್ಟು ದಿನದಲ್ಲಿ ಇಳಿಯುತ್ತದೆ ಎಂದು ಹಂಗಾಮು ಹಂಗಾಮಿಗೂ ನೋಡುವ ಕೆಲಸಕ್ಕೆ ಹಣವೂ ಆಳೂ ಸಿಗಬೇಕು. ಸಿಂಪರಣೆಯ ವೇಳಾಪಟ್ಟಿ ಬರೆಯಬೇಕಾದದ್ದು ಆ ಉತ್ತರಗಳನ್ನು ಕೈಯಲ್ಲಿಟ್ಟುಕೊಂಡು.